ಹಂಚಿನ ಭಟ್ಟಿಗೆ ಮೀಟರ್ ತಂದ ಮೈಲಾರಲಿಂಗ

ಮೈಲಾರಲಿಂಗನ ವಿಷಯ ಬರೆಯಬೇಕೆಂದರೆ ಅವನ ಅಂಗಿಯಿಂದಲೇ ಶುರು ಮಾಡಬೇಕು. ಬೆಳಗಾವಿಯ ಅನಗೋಳದಿಂದ ದಿನಾ ಬಸ್ಸು ಹಿಡಿದು ಖಾನಾಪುರದ ನಮ್ಮ ಹಂಚಿನ ಕಾರ್ಖಾನೆಗೆ ಬರುತ್ತಿದ್ದ. ಬಿಳಿ ಅಂಗಿ, ಇಸ್ತ್ರಿ ಮುರಿಯದ ತೋಳು. ಸಂಜೆ ಹೋಗುವಾಗಲೂ ಅದು ಬಿಳಿಯೇ. ನಾನು ಇಪ್ಪತ್ತೆರಡು ವರ್ಷ ಭಟ್ಟಿಯ ಬಾಯಿಯ ಮುಂದೆ ನಿಂತು ಹಂಚು ಸುಟ್ಟ ಮೇಸ್ತ್ರಿ. ನನ್ನ ಅಂಗಿಗೆ ಮೊದಲು ಯಾವ ಬಣ್ಣವಿತ್ತೆಂದು ನನ್ನ ಹೆಂಡತಿಗೂ ನೆನಪಿಲ್ಲ. ಸುಳ್ಳು ಯಾಕೆ ಹೇಳಲಿ, ಅವನನ್ನು ಕಂಡ ಮೊದಲ ದಿನವೇ ನನಗೆ ಹೊಟ್ಟೆಯಲ್ಲಿ ಉರಿ ಬಿತ್ತು.

ಅವನು ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಆ ವರ್ಷ ನಮ್ಮ ಮಾಲಕರು ಬಾಳಾಸಾಹೇಬರು ಕಾರ್ಖಾನೆಯ ಗೋಡೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಸಿದ್ದರು: ‘ಬರುವ ಯುಗಾದಿಯೊಳಗೆ ಒಂದು ಭಟ್ಟಿಗೆ ಎಂಟೇ ಗಾಡಿ ಕಟ್ಟಿಗೆ.’ ಅಲ್ಲಿಯವರೆಗೆ ಹನ್ನೆರಡು ಗಾಡಿ ಉರಿಯುತ್ತಿತ್ತು.

“ನಮ್ಮ ಅಜ್ಜನ ಕಾಲದಾಗ ಅಡವಿ ಕಾರ್ಖಾನಿ ಹಿತ್ತಲದಾಗಿತ್ತು. ಈಗ ಹುಡುಕ್ಕೋತ ಹೋಗಬೇಕಾಗೇತಿ. ಹಿಂಗ ಸುಟ್ರ ನಮ್ಮ ಮಕ್ಕಳಿಗೆ ಹಂಚೂ ಇಲ್ಲ, ಅಡವಿನೂ ಇಲ್ಲ,” ಎಂದರು ಮಾಲಕರು.

ಬೆಂಕಿ ನನ್ನದು. ಕಡಿಮೆ ಮಾಡುವುದು ಹೇಗೆಂದು ನನ್ನನ್ನೇ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಮೈಲಾರಲಿಂಗನನ್ನು ಕರೆತಂದರು.

ಅವನದು ಕುರಿ ಕಾಯುವ ಮನೆತನ. ಅಪ್ಪ ಕುರಿ ಮೇಯಿಸುತ್ತಿದ್ದ ಬಯಲೆಲ್ಲ ಪ್ಲಾಟ್ ಆದ ಮೇಲೆ ಮಗ ಬೆಳಗಾವಿಯ ಒಂದು ಫೌಂಡ್ರಿ ಸೇರಿದ. ಮೊದಲು ಬೂದಿ ಗುಡಿಸಿದ, ಆಮೇಲೆ ಉಸುಕು ಹೊತ್ತ, ಕೊನೆಗೆ ಕುಲುಮೆಯ ಮೀಟರ್ ಮುಂದೆ ಕುಳಿತ. ಎಂಟು ವರ್ಷ ಅದರ ಮುಳ್ಳು ನೋಡಿದವನು. ಕಲಿತದ್ದು ಏಳನೇ ಇಯತ್ತೆ. ನನ್ನದು ಮೂರು. ಆ ನಾಲ್ಕು ವರ್ಷದ ಅಂತರವೂ ನನಗೆ ಚುಚ್ಚುತ್ತಿತ್ತು.

ಅವನು ಬಂದ ವಾರದಲ್ಲೇ ಯಾರೋ ಒಬ್ಬರು ಕಂಪ್ಯೂಟರ್ ಹಲಗೆ ಮಾರಲು ಬಂದರು. ಗುಂಡಿ ಒತ್ತಿದರೆ ಭಟ್ಟಿಯ ಹೊಟ್ಟೆಯೊಳಗಿನದೆಲ್ಲ ಕಾಣುತ್ತದಂತೆ. ಮಾಲಕರ ಕಣ್ಣು ಅರಳಿತು. ಮೈಲಾರಲಿಂಗ ಭಟ್ಟಿಯನ್ನು ಒಂದು ಸುತ್ತು ಹಾಕಿ, ಗೋಡೆಗೆ ಅಂಗೈ ಇಟ್ಟು ನೋಡಿ ಬಂದ.

“ಬ್ಯಾಡ್ರಿ ಮಾಲಕ್ರ. ಇದಕ್ಕ ತಣ್ಣನ ಖೋಲಿ ಬೇಕು, ದಿನಾ ಕರೆಂಟ್ ಬೇಕು. ಕರೆಂಟ್ ಹೋದ್ರ ಇದು ಕಣ್ಣು ಮುಚ್ಚತೈತಿ, ಬೆಂಕಿ ಮುಚ್ಚಂಗಿಲ್ಲ. ನಮಗ ಕರೆಂಟ್ ಇಲ್ಲದ ನಡಿಯೂ ಮುಳ್ಳಿನ ಮೀಟರ್ ಒಂದು ಸಾಕು. ಚಿಮಣಿಗೆ ಏರಿಸಿ ಇಳಿಸೂ ತಗಡಿನ ಬಾಗಿಲಾ ಒಂದು ಸಾಕು.”

ಮಾಲಕರು ಒಪ್ಪಿದರು. ಹಸಿ ಹಂಚು ಮಗುಚುವ ಹೆಂಗಸರ ಮುಂದಾಳು ಫಕೀರವ್ವ ನನ್ನ ಪಕ್ಕದಲ್ಲೇ ನಿಂತು ನಕ್ಕಳು.

“ಏನೋ ಉಳವಪ್ಪ, ನಿನ್ನ ಹುಬ್ಬು ಸುಟ್ಟು ಹೋದ್ರೂ ನಿನ್ನ ಯಾರೂ ಕೇಳಲಿಲ್ಲಲ್ಲೋ!”

“ನಿನ್ನ ಕೆಲಸ ನೋಡ್ಕೊ,” ಎಂದು ಕೈಯಲ್ಲಿದ್ದ ಕಟ್ಟಿಗೆ ನೆಲಕ್ಕೆ ಬಡಿದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನನಗೆ ಕೆಲಸ ಕಲಿಸಿದ ಭರಮಪ್ಪ ಮೇಸ್ತ್ರಿಯ ಕಾಲದಲ್ಲಿ ಒಮ್ಮೆ ಭಟ್ಟಿಯಷ್ಟೂ ಹಂಚು ಅರೆಬೆಂದು ಹೊರಬಿದ್ದಿತ್ತು. ಭಟ್ಟಿ ಕಾಯುವ ದೇವತೆ ಅವ್ವ ಮುನಿದಳೆಂದು ಆತ ಹರಕೆ ಹೊತ್ತ. ಅಂದಿನಿಂದ ಹಂಚು ಬೆಂದಿತೆಂದು ಮೇಸ್ತ್ರಿ ಹೇಳಿದ ಮೇಲೂ ಇನ್ನೊಂದು ಗಾಡಿ ಕಟ್ಟಿಗೆ ಬೆಂಕಿಗೆ ಹೋಗಬೇಕು. ಅದು ಅವ್ವನ ಪಾಲು.

“ಉಳವಪ್ಪಣ್ಣ, ಬೆಂದ ಮ್ಯಾಲ ಮತ್ತ ಒಂದು ಗಾಡಿ ಯಾಕ್ರೀ?” ಮೈಲಾರಲಿಂಗ ಕೇಳಿದ.

“ಅವ್ವನ ಪಾಲದು. ನಿನ್ನ ಮೀಟರ್‌ನ್ಯಾಗ ಅವ್ವ ಕಾಣಸ್ತಾಳೇನು?”

ಅವನು ನಗಲಿಲ್ಲ. “ಕಾಣಸಂಗಿಲ್ರಿ. ಆದ್ರ ಪಾಲು ಆಕಿಗೆ ಮುಟ್ಟತೈತೋ, ಚಿಮಣಿ ಹಾದು ಮ್ಯಾಲ ಹೋಗತೈತೋ, ನೋಡಬೇಕಲ್ರಿ.”

ಹೊಡೆಯಬೇಕೆನಿಸಿತು. ಜಗಳಕ್ಕೆ ಬರುವವನಾಗಿದ್ದರೆ ಹೊಡೆದೇ ಬಿಡುತ್ತಿದ್ದೆ.

ಮೀಟರೂ ಚಿಮಣಿಗೆ ತಗಡಿನ ಬಾಗಿಲೂ ಕೂಡಿಸಿ ಮೊದಲ ಭಟ್ಟಿ ಹಚ್ಚಿದೆವು. ಅವನು ಮನೆಗೆ ಹೋಗದೆ ಅಲ್ಲೇ ಉಳಿದು, ಅರ್ಧ ತಾಸಿಗೊಮ್ಮೆ ಮುಳ್ಳು ನೋಡಿ ಪಾಟಿಯ ಮೇಲೆ ಬರೆಯುತ್ತಿದ್ದ. ಮೂರನೇ ದಿನ ಮಧ್ಯಾಹ್ನ ಮುಳ್ಳು ಒಂಬೈನೂರಕ್ಕೆ ಮುಟ್ಟಿತು. ಉರಿದದ್ದು ಸರಿಯಾಗಿ ಎಂಟು ಗಾಡಿ. ಚಿಮಣಿಯ ತಗಡನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, “ಸಾಕ್ರಿ. ಇನ್ನ ಒಳಗಿನ ಕಾವೇ ಬೇಯಸತೈತಿ,” ಎಂದ. ಮಾಲಕರು ಅವನ ಹೆಗಲ ಮೇಲೆ ಕೈ ಇಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಆ ಕೈ ಒಮ್ಮೆಯೂ ನನ್ನ ಹೆಗಲ ಮೇಲೆ ಬಂದಿರಲಿಲ್ಲ.

ಅವನು ಬೇವಿನ ಗಿಡದ ಕೆಳಗೆ ಉಣ್ಣಲು ಹೋದ. ಒಂಬತ್ತನೇ ಗಾಡಿ ಅಲ್ಲೇ ನಿಂತಿತ್ತು. ಅವ್ವನ ಪಾಲು ತಪ್ಪಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಭಟ್ಟಿಯ ಆರೂ ಬಾಯಿಗೆ ಕೈಗೆ ಸಿಕ್ಕಷ್ಟು ಕಟ್ಟಿಗೆ ತುರುಕಿದೆ. ಸಂಜೆಯವರೆಗೆ ಹಾಕುವುದನ್ನು ಒಂದು ತಾಸಿನಲ್ಲಿ ಹಾಕಿ ಮುಗಿಸಿದೆ.

ಉಂಡು ಬಂದವನು ಮುಳ್ಳು ನೋಡಿದ. ಸಾವಿರ ದಾಟಿತ್ತು. ಓಡಿಹೋಗಿ ತಗಡು ಎತ್ತಿದ. ಬಂದು ಭಟ್ಟಿಯ ಬಾಯಿಗೆ ಬಗ್ಗಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಪಾಟಿಯ ಮೇಲೆ ಬರೆದುಕೊಂಡ, ಅಷ್ಟೇ.

ನಾಲ್ಕು ದಿನ ಆರಿದ ಮೇಲೆ ಭಟ್ಟಿ ತೆರೆದೆವು. ಹಂಚು ಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮಾಲಕರ ಮುಖ ಕೆಂಪಾಯಿತು.

“ಬಿಚ್ಚು ಆ ಮೀಟರ್! ಗೋಡಿ ಮ್ಯಾಲ ಬರದದ್ದೂ ಅಳಸ್ರಿ! ಮೈಲಾರಿ, ನಾಳಿಂದ ನೀ ಬರಬ್ಯಾಡ.”

ನಾನು ಬಯಸಿದ್ದು ಇದೇ. ಪಾಟಿ ಅವನ ಕೈಯಲ್ಲೇ ಇತ್ತು. ಊಟಕ್ಕೆ ಮೊದಲಿನ ಅಂಕಿ, ಊಟದ ಮೇಲಿನ ಅಂಕಿ ತೋರಿಸಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವನು ಪಾಟಿಯನ್ನು ಬೆನ್ನ ಹಿಂದೆ ಹಿಡಿದು, “ತಪ್ಪು ನಂದ್ರಿ ಮಾಲಕ್ರ. ಭಟ್ಟಿ ಬಿಟ್ಟು ನಾ ಉಣ್ಣಾಕ ಹೋಗಬಾರದಿತ್ತು,” ಎಂದ.

ಫಕೀರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲರೂ ಅವನನ್ನು ದೇವರಂತೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕೆಲಸ ಹೋದರೂ ಮಾನ ಅವನಿಗೇ!

“ಲೇ, ಸಾಕು ಮಾಡಲೇ! ಎಲ್ಲಾರಕಿಂತ ದೊಡ್ಡಾಂವ ಆಗಾಕ ಹೊಂಟಿಯೇನು? ಮಾಲಕ್ರ, ಒಂಬತ್ತನೇ ಗಾಡಿ ಹಾಕಿದಾಂವ ನಾನು!”

“ಯಾಕ ಹಾಕಿದಿ?” ಎಂದರು ಮಾಲಕರು.

“ಅವ್ವನ ಪಾಲರಿ.”

“ಅವ್ವನ ಹೆಸರು ತರಬ್ಯಾಡೋ,” ಎಂದಳು ಫಕೀರವ್ವ. “ಹೊಟ್ಟಿಕಿಚ್ಚಿನ ಪಾಲು ಅನ್ನು.”

“ಮೊದಲೂ ಆ ಗಾಡಿ ಹಾಕತಿದ್ದಿರಿ. ಆವಾಗ್ಯಾಕ ಹಂಚು ಕೆಡಲಿಲ್ಲ?” ಮಾಲಕರು ಕೇಳಿದರು.

ಮೈಲಾರಲಿಂಗ ನೆಲ ನೋಡುತ್ತ ಹೇಳಿದ: “ಆವಾಗ ಚಿಮಣಿ ಬಾಯಿ ತೆರದಿತ್ರಿ. ಆ ಗಾಡಿ ಕಾವೆಲ್ಲಾ ಮುಗಲಿಗೆ ಹೋಗತಿತ್ತು. ಈಗ ತಗಡು ಇಳದಿತ್ತು, ಒಳಗ ಉಳೀತು.”

ಭಟ್ಟಿಗೊಂದು ಗಾಡಿಯಂತೆ ಇಪ್ಪತ್ತೆರಡು ವರ್ಷ ಆಕಾಶಕ್ಕೆ ಕಟ್ಟಿಗೆ ಸುಟ್ಟವನು ನಾನು.

“ಮೈಲಾರಿ ಇಲ್ಲೇ ಇರತಾನ. ಉಳವಪ್ಪ, ನಾಳಿಂದ ನೀ ಮಣ್ಣು ತುಳಿಯಾಕ ಹೋಗು. ಬೆಂಕಿ ಮುಟ್ಟಬ್ಯಾಡ,” ಎಂದರು ಮಾಲಕರು.

ಆಗಲೂ ನನ್ನ ಪರವಾಗಿ ಬಾಯಿ ಬಿಟ್ಟವನು ಮೈಲಾರಲಿಂಗನೇ.

“ಮಾಲಕ್ರ, ಕಾವು ಅಳಿಯೂ ಮೀಟರ್ ಸಳಿ ಭಟ್ಟಿ ಒಳಗ ಒಂದೇ ಮೂಲ್ಯಾಗ ಐತ್ರಿ. ಉಳದ ಮೂರು ಮೂಲಿ ನೋಡಾಕ ಕಣ್ಣು ಬೇಕು. ಅಂಥಾ ಕಣ್ಣು ಇಲ್ಲಿ ಉಳವಪ್ಪಣ್ಣಂದು ಒಂದೇ.”

ಹೀಗೆ ನನ್ನ ಬೆಂಕಿ ನನಗೆ ಉಳಿಯಿತು. ಅದೂ ಅವನ ಕೈಯಿಂದ. ನಾನು ಅವನಿಗೆ ಉಪಕಾರವಾಯಿತೆಂದು ಹೇಳಲಿಲ್ಲ, ಈಗಲೂ ಹೇಳಿಲ್ಲ.

ಮುಂದಿನ ಭಟ್ಟಿಯ ಮೂರನೇ ದಿನ ಮಧ್ಯಾಹ್ನ ಅವನು ಪಾಟಿ, ಬಳಪ ತಂದು ನನ್ನ ಕೈಗೆ ಕೊಟ್ಟ. “ನಾ ಉಂಡು ಬರ್ತೀನ್ರಿ ಅಣ್ಣ. ಅಷ್ಟೊತ್ತನಾ ನೀವು ಬರೀರಿ,” ಎಂದು ಬೇವಿನ ಗಿಡದ ಕಡೆ ನಡೆದ. ನಾನು ಅವನ ಬೆನ್ನನ್ನೇ ನೋಡುತ್ತ ನಿಂತೆ. ಒಮ್ಮೆಯಾದರೂ ಸಂಶಯಪಟ್ಟು ತಿರುಗಿ ನೋಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ನೋಡಲಿಲ್ಲ. ಗಿಡಕ್ಕೆ ಒರಗಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದ.