ಕಾರಿನಡಿಯ ಕೆಂಪು ಕಲೆ

ಎಣ್ಣೆಯ ಸೋರಿಕೆಗೆ ಯಾರಾದರೂ ಭಯಭಕ್ತಿ ತೋರಿಸಿದ್ದನ್ನು ಕೇಳಿದ್ದೀರಾ? ನಾನು ನಾಲ್ಕು ತಿಂಗಳು ತೋರಿಸಿದ್ದೇನೆ.

ಕೋಪರಿಯ ನಮ್ಮ ಸೊಸೈಟಿ ಕಾಂಪೌಂಡಿನಲ್ಲಿ ನಮ್ಮ ಹಳೆಯ ಕಾರು ನಿಲ್ಲುತ್ತದೆ. ನನ್ನವರು ತೀರಿಕೊಂಡ ಮೇಲೆ, ಅದರ ಮುಂದಿನ ಬಲಗಾಲಿಯ ಹತ್ತಿರ ಅಂಗೈಯಗಲದ ಕೆಂಪು ಕಲೆಯೊಂದು ಕಾಣಿಸಿಕೊಂಡಿತು. ಮೇಲಿನ ಮಹಡಿಯ ಸುಜಾತಕ್ಕ (ಉಡುಪಿ ಕಡೆಯವರು) ಅಮಾವಾಸ್ಯೆಗೆ ತಮ್ಮ ಸ್ಕೂಟರಿಗೆ ದೃಷ್ಟಿ ತೆಗೆದು ಓಕುಳಿ ನೀರು ಸುರಿಯುವುದುಂಟು. ನನ್ನ ಕಾರಿಗೂ ಹೇಳದೆ ಸುರಿದಿದ್ದಾರೆ ಎಂದುಕೊಂಡೆ. ಕೇಳಲಿಲ್ಲ. ಮನಸ್ಸು ತುಂಬಿ ಬಂತು.

ದೃಷ್ಟಿ ತೆಗೆದ ನೀರನ್ನು ತುಳಿಯಬಾರದಲ್ಲವೇ? ಹಾಗಾಗಿ ಎಡಗಡೆಯ ಬಾಗಿಲಿನಿಂದ ಹತ್ತಿ, ಗೇರು ದಾಟಿ, ಡ್ರೈವರ್ ಸೀಟಿಗೆ ಸರಿಯುತ್ತಿದ್ದೆ. (ಐವತ್ತಾರರ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡು. ವಾಚ್‌ಮನ್ ಒಮ್ಮೆಯೂ ನಗಲಿಲ್ಲ. ಒಳ್ಳೆಯ ಮನುಷ್ಯ.)

ಇದರ ನಡುವೆ ಸ್ಟೇರಿಂಗ್ ಭಾರವಾಗುತ್ತಾ ಬಂತು. ಪ್ರತಿ ಶನಿವಾರ ಖಾರಘರದ ಮಗಳ ಮನೆಗೆ ಹೋಗುತ್ತೇನೆ. ಪಾರ್ಕಿಂಗಿನಲ್ಲಿ ಗಾಡಿ ತಿರುಗಿಸುವಷ್ಟರಲ್ಲಿ ಭುಜ ಸೋತುಹೋಗುತ್ತಿತ್ತು. ಗಾಡಿಯೂ ಗೂಂ ಎಂದು ನರಳುತ್ತಿತ್ತು. ನಾನು ಕಾರನ್ನು ಅನುಮಾನಿಸಲಿಲ್ಲ. ದುಃಖ ಕೈಯ ಬಲವನ್ನೂ ತಿನ್ನುತ್ತದೆ, ಅಷ್ಟೇ ಎಂದುಕೊಂಡೆ.

ಮಗಳು ನೋಡಿದಳು. “ಆಯೀ, ವಿಕೂನ್ ಟಾಕ್ ನಾ. ತುಲಾ ಆತಾ ಝೇಪತ್ ನಾಹೀ.” (ಮಾರಿಬಿಡು, ಇನ್ನು ನಿನ್ನ ಕೈಲಾಗದು ಅಂತ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ.) ಕಲ್ಯಾಣದ ಗಿರಾಕಿಯೊಬ್ಬರನ್ನೂ ಅವಳೇ ಹುಡುಕಿದಳು. ಭಾನುವಾರ ಬಂದು ಗಾಡಿ ಒಯ್ಯುವುದು ಎಂದು ಮಾತಾಯಿತು. ಹೂಂ ಎಂದೆ. ನಲವತ್ತೈದು ದಾಟಿದ ಮೇಲೆ, ರಜಾದಿನದ ಖಾಲಿ ರಬಾಳೆ ಕಾರ್ಖಾನೆ ರಸ್ತೆಗಳಲ್ಲಿ ಇವರು ನನಗೆ ಡ್ರೈವಿಂಗ್ ಕಲಿಸಿದ ಕಾರು ಅದು. ಆದರೆ ಕೈಲಾಗದ ಮೇಲೆ ಇಟ್ಟುಕೊಂಡು ಏನು ಮಾಡುವುದು?

ಕೊಡುವ ಮೊದಲು ಒಮ್ಮೆ ತೋರಿಸೋಣವೆಂದು ಶುಕ್ರವಾರ ಅದೇ ರಬಾಳೆಯ ಬಸಣ್ಣನ ಗ್ಯಾರೇಜಿಗೆ ಹೋದೆ. ಬಸಣ್ಣ ವಿಜಯಪುರ ಕಡೆಯವರು.

“ಏನ್ ತ್ರಾಸ್ ಐತ್ರಿ ಅಕ್ಕಾರ?”

“ಗಾಡಿಗೆ ಏನಿಲ್ಲ. ನನ್ನ ಕೈಯಾಗ ಶಕ್ತಿ ಇಲ್ಲ.”

ಅವರು ಕುಳಿತು ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ತುದಿಯವರೆಗೂ ತಿರುಗಿಸಿದರು. ಗೂಂ. “ಹಂಗಾರ ನನ್ನ ಕೈಯಾಗೂ ಶಕ್ತಿ ಇಲ್ಲೇನ್ರಿ?” ಎಂದು ತೋಳು ತೋರಿಸಿದರು. (ಇಂಜಿನ್ ಎತ್ತುವ ತೋಳು.)

ಬಾನೆಟ್ ತೆಗೆದರು. ಸ್ಟೇರಿಂಗ್ ಆಯಿಲಿನ ಬಿಳಿ ಡಬ್ಬಿಯ ತಳದಲ್ಲಿ ಬರೀ ನೊರೆ. “ಆಯಿಲ್ ಖಾಲಿ ಆಗಿ ಪಂಪ್ ಗಾಳಿ ಕುಡಿಯಾಕತ್ತೈತಿ. ಅದಕ್ಕ ಒದರ್ತೈತಿ.” ಪೈಪುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಹೊಸ ಆಯಿಲ್ ಹಾಕಿ, ಗಾಡಿಯ ಕೆಳಗೊಂದು ರಟ್ಟು ಹಾಸಿದರು. ನಾನು ಸ್ಟೇರಿಂಗ್ ತಿರುಗಿಸಿದೆ, ಅವರು ಟಾರ್ಚ್ ಬಿಟ್ಟು ನೋಡಿದರು. “ಸಿಕ್ತು. ಬರ್ರಿ, ನೋಡ್ರಿ.” ಪೈಪಿನ ಜೋಡಣೆಯಲ್ಲಿ ಒಂದು ಹನಿ ಉಬ್ಬಿ, ರಟ್ಟಿನ ಮೇಲೆ ಬಿತ್ತು.

ಕೆಂಪು. ನಾನು ಸುತ್ತು ಹಾಕಿ ನಡೆದ ಅದೇ ಓಕುಳಿ.

ಬಸಣ್ಣ ಡಬ್ಬಿಯ ಮುಚ್ಚಳ ತೋರಿಸಿದರು. ಸುತ್ತಲಿನದಕ್ಕೆಲ್ಲ ವರ್ಷಗಳ ಮಣ್ಣು ಹಿಡಿದಿತ್ತು. ಮುಚ್ಚಳದ ಮೇಲೆ ಮಾತ್ರ ಬರೀ ತೆಳು ಧೂಳು. ಡಬ್ಬಿಯ ಮೈಮೇಲೆ ಪೆನ್ನಿನ ಸಣ್ಣ ಗೀಟುಗಳು. “ಸಾಹೇಬ್ರು ಗೀಟ್ ಹಾಕ್ಕೊಂಡು ವಾರಾವಾರ ತುಂಬ್ಯಾರ್ರಿ. ಈ ಲೀಕ್ ಇವತ್ತಿಂದಲ್ಲ. ಎರಡ್ ವರ್ಷದ್ದರ ಇರಬೇಕು.”

ಆಗ ಹೊಳೆಯಿತು. ಭಾನುವಾರ ಬೆಳಿಗ್ಗೆ ಇವರು ಬಾನೆಟ್ ತೆಗೆದು ನಿಲ್ಲುತ್ತಿದ್ದರು. ಕಾರಿನಡಿಯ ರಟ್ಟನ್ನು ತಾವೇ ಬದಲಾಯಿಸುತ್ತಿದ್ದರು. (ಅವರು ಹೋದ ಮೇಲೆ ಆ ರಟ್ಟನ್ನು ಕಸದವರು ಒಯ್ದರು. ಕಲೆ ನೆಲಕ್ಕೆ ಬಂದದ್ದು ಆಮೇಲೆ.) ಏನ್ರೀ ಅದು ಎಂದರೆ ಒಂದೇ ಉತ್ತರ: “ಏನಿಲ್ಲ, ನೀ ಚಹಾ ಇಡು.”

ಇವರ ಎದೆ ಉರಿಗೂ ಅದೇ ಉತ್ತರ ಇತ್ತು. ಕಪಾಟಿನಲ್ಲಿ ಗುಲಾಬಿ ಬಣ್ಣದ ಔಷಧದ ಬಾಟಲಿ. ಖಾಲಿಯಾದಂತೆ ಹೊಸದು ಬರುತ್ತಿತ್ತು, ಇವರ ಹೃದಯ ನಿಂತ ದಿನದವರೆಗೂ. ಆ ಉತ್ತರ ಕೇಳಿ ನಾನು ಎಷ್ಟು ಸಲ ಹೋಗಿ ಚಹಾ ಇಟ್ಟಿದ್ದೇನೆ!

ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು ಮೊದಲ ಬಾರಿ ಇವರ ಮೇಲೆ ಸಿಟ್ಟಾದೆ. ಹೋದವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಮತ್ತೆ ಯಾರ ಮೇಲೆ ಮಾಡುವುದು, ಪೈಪಿನ ಮೇಲೆ?

ಸಂಜೆಗೆ ಹೊಸ ಪೈಪ್ ಕೂತಿತು. ಗ್ಯಾರೇಜಿನಿಂದ ಹೊರಡುವ ಮೊದಲ ತಿರುವಿನಲ್ಲಿ ನಾಲ್ಕು ತಿಂಗಳ ರೂಢಿಯಂತೆ ಬಲ ಹಾಕಿ ಎಳೆದೆ. ಗಾಡಿ ಗರ್ರನೆ ತಿರುಗಿ ಡಿವೈಡರ್ ಹತ್ತುವುದರಲ್ಲಿತ್ತು.

“ಸಾವಕಾಶ್ರಿ ಅಕ್ಕಾರ! ಏನ್ ತಾಕತ್ತರೀ ನಿಮ್ಮದು!” ಹಿಂದಿನಿಂದ ಬಸಣ್ಣ ಕೂಗಿದರು.

ಕಲ್ಯಾಣದವರಿಗೆ ಅಲ್ಲಿಂದಲೇ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ ಎಂದೆ.

ಸುಜಾತಕ್ಕನಿಗೆ ಓಕುಳಿಯ ಕಥೆ ಹೇಳಿದರೆ ಬಿದ್ದು ಬಿದ್ದು ನಕ್ಕರು. “ಅಯ್ಯೋ ಮಾರಾಯ್ರೇ, ಅದು ಆಯಿಲ್ ಅಲ್ವಾ? ನಿಮ್ಗೆ ಗೊತ್ತುಂಟು ಅಂತ ನಾನು ಸುಮ್ಮನಿದ್ದೆ.” ಆಮೇಲೆ ನಗು ನಿಂತಿತು.

ನಿಮ್ಮ ಮನೆಯಲ್ಲೂ “ಏನಿಲ್ಲ, ನೀ ಚಹಾ ಇಡು” ಎನ್ನುವವರು ಇದ್ದಾರೆಯೇ? ಹಾಗಾದರೆ ಒಲೆ ಹಚ್ಚುವ ಮೊದಲು ಇವತ್ತೊಂದು ದಿನ ಅಲ್ಲೇ ನಿಂತು, ಮತ್ತೊಮ್ಮೆ ಕೇಳುತ್ತೀರಾ?