ಇನ್ನೊಂದು ಬಿಸಿಲು ಬೇಕು

ಹೋದ ತಿಂಗಳು ಸಕಲೇಶಪುರದ ಪೇಟೆಯಲ್ಲಿ ಒಂದು ಬೀಗ ಕೊಂಡೆ. ಗಟ್ಟಿ ಹಿತ್ತಾಳೆ ಬೀಗ, ಎರಡು ಕೀಲಿ. ಯಾರನ್ನು ಕೂಡಿಹಾಕಲು ಗೊತ್ತೇ? ನನ್ನ ಹೆತ್ತವ್ವನನ್ನು!

ಬೈಯಬೇಡಿ, ಮೊದಲು ಕೇಳಿ. ಅವ್ವನಿಗೆ ಡಿಮೆನ್ಷಿಯಾ. ನಾವು ಅರಳುಮರಳು ಅಂದುಕೊಂಡಿದ್ದೆವು, ಹಾಸನದ ಡಾಕ್ಟರು ಇಂಗ್ಲಿಷ್ ಹೆಸರು ಕೊಟ್ಟರು. ನನ್ನ ಹೆಸರನ್ನೇ ಮರೆತಿದ್ದಾಳೆ. ಅದನ್ನಾದರೂ ನುಂಗಿಕೊಂಡೆ. ಆದರೆ ಬೆಳಗಾದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಡುತ್ತಾಳೆ! ಒಮ್ಮೆ ಸರ್ಕಾರಿ ಬಸ್ ಹತ್ತಿ ಆಲೂರು ತಲುಪಿದ್ದಳು. ಪುಣ್ಯಾತ್ಮ ಕಂಡಕ್ಟರ್ ವಾಪಸ್ ಟ್ರಿಪ್ಪಿನಲ್ಲಿ ಕರೆತಂದ. ಇನ್ನೊಮ್ಮೆ ದೋಣಿಗಲ್ ಹತ್ತಿರ, ಹೈವೇ ಮಧ್ಯದಲ್ಲಿ, ಲಾರಿಗಳ ನಡುವೆ ಸಿಕ್ಕಳು. ಶಾಲೆಯಲ್ಲಿ ಪಾಠ ಮಾಡಲೋ, ಅವ್ವನನ್ನು ಕಾಯಲೋ? ಅದಕ್ಕೇ ಬೀಗ.

ಬೇರೆ ಉಪಾಯ ಮಾಡಲಿಲ್ಲವೆಂದಲ್ಲ. ಮೊರದಲ್ಲಿ ಹೆಸರುಕಾಳು, ಅಲಸಂದೆ ಬೆರೆಸಿ, “ಆರಿಸಿಕೊಡವ್ವ” ಎಂದು ಕೂರಿಸಿದ್ದೆ. (ಟೀಚರ್ ಬುದ್ಧಿ, ಕಂಡವರಿಗೆಲ್ಲ ಹೋಮ್‌ವರ್ಕ್ ಕೊಡುವ ಚಾಳಿ.) ಅವ್ವ ಒಂದು ಹಿಡಿ ತೆಗೆದು ನೋಡಿ ಮೊರವನ್ನೇ ತಳ್ಳಿದಳು.

“ಯಾರೋ ಬೇಕಂತ್ಲೇ ಕಲ್ಸವ್ರೆ ಇದ್ನ. ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?”

ಆಗ ಲೀನಾ ಬಾಯಿ ನೆನಪಾದರು. ಮಂಗಳೂರು ಕಡೆಯ ಮನೆತನ, ಮೊದಲು ನರ್ಸ್ ಆಗಿದ್ದವರು; ಈಗ ದೋಣಿಗಲ್‌ನಲ್ಲಿ ಸಣ್ಣ ಎಸ್ಟೇಟ್. ತಮ್ಮ ಅಪ್ಪನಿಗೆ ಇದೇ ಕಾಯಿಲೆ ಬಂದಾಗ ತೋಟದ ಕೆಲಸದಲ್ಲಿ ಜೊತೆಗೇ ಇಟ್ಟುಕೊಂಡರಂತೆ. ಅಪ್ಪ ಹೋದ ಮೇಲೂ ಇಂಥ ಐದಾರು ಮಂದಿ ಹಗಲು ಅಲ್ಲಿಗೆ ಬರುತ್ತಾರೆ, ಸಂಜೆ ಮನೆಗೆ ಮರಳುತ್ತಾರೆ. ಹೋಗಿ ಗೋಳು ತೋಡಿಕೊಂಡೆ. ಬ್ಯಾಗಿನಲ್ಲಿದ್ದ ಬೀಗವನ್ನೂ ತೋರಿಸಿದೆ.

“ಬೀಗ ಒಳ್ಳೆದುಂಟು. ಇದು ಇಲ್ಲೇ ಇರ್ಲಿ. ನಾಳೆ ಅಮ್ಮನ್ನ ಜೀಪಿಗೆ ಹತ್ತಿಸಿ,” ಎಂದವರೇ ಕೀಲಿಗಳ ಸಮೇತ ಕಿತ್ತುಕೊಂಡರು. ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಅದೇ ಜೀಪು.

ಹತ್ತು ದಿನ ಕಳೆದು, ಒಂದು ಶನಿವಾರ ಶಾಲೆ ಮುಗಿಸಿದವಳೇ ನೋಡಲು ಹೋದೆ. ಏನೋ ಟೈಮ್‌ಪಾಸ್ ಮಾಡಿಸುತ್ತಾರೆ ಎಂದೇ ನನ್ನ ಎಣಿಕೆ. ಕಣದ ತುಂಬ ಸಿಪ್ಪೆಯ ಸಮೇತ ಒಣಹಾಕಿದ ಕಾಫಿ. ಒಂದು ಮೂಲೆಯಲ್ಲಿ ಚೀಲ ತುಂಬಿ ಹೊಲಿಯುತ್ತಿದ್ದರು. ಲಾರಿ ಬಂದು ನಿಂತಿತ್ತು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಡಿಬಿಡಿಯಲ್ಲಿದ್ದ. ಅವ್ವ ನಿಧಾನವಾಗಿ ಬಂದಳು. ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಅಲ್ಲಾಡಿಸಿದಳು.

“ಒಣ್ಗಿಲ್ಲ ಕಣೋ. ಇನ್ನೊಂದ್ ಬಿಸ್ಲು ಬೇಕು. ಸುರೀರಿ.”

ನನಗೆ ನಾಚಿಕೆಯಾಗಿ, “ಅವ್ವ, ಸುಮ್ನಿರು” ಎಂದೆ. ರೈಟರ್ ಲೀನಾ ಬಾಯಿಯ ಮುಖ ನೋಡಿದ.

“ಸುರೀರಿ,” ಎಂದರು ಅವರೂ.

ಹೊಲಿದ ಚೀಲಗಳ ಬಾಯಿ ಬಿಚ್ಚಿದರು. ಲಾರಿ ಖಾಲಿ ಹೋಯಿತು! ನಾನು ಕಕ್ಕಾಬಿಕ್ಕಿ.

“ಅವ್ವನ ಸಮಾಧಾನಕ್ಕೆ ಲಾರಿ ವಾಪಸ್ ಕಳಿಸೋದಾ?”

“ಸಮಾಧಾನಕ್ಕೆ ಯಾರು ಮಾಡಿದ್ದು ಮಾರಾಯ್ತಿ? ಬಂದ ಎರಡನೇ ದಿನವೇ ಹೀಗೆ ಹೇಳಿದ್ರು, ನಾವು ಕೇಳ್ಲಿಲ್ಲ. ಸ್ಟೋರಲ್ಲಿಟ್ಟ ಚೀಲಕ್ಕೆಲ್ಲ ಬೂಷ್ಟು ಹಿಡೀತು. ಇವತ್ತೂ ಕೇಳದಿದ್ರೆ ನಾನೇ ಪೆದ್ದಿ.”

ನಾನೂ ಒಂದು ಹಿಡಿ ತೆಗೆದು ಅಲ್ಲಾಡಿಸಿದೆ. ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಲಗಲ ಅನ್ನಬೇಕಂತೆ; ಒಣಗಿದ್ದು, ಒಣಗದ್ದು, ಎರಡೂ ನನಗೆ ಒಂದೇ ಥರ ಕೇಳಿಸಿದವು. ಮದುವೆಯಾಗಿ ಬಂದಾಗಿನಿಂದ ನಮ್ಮ ಪುಟ್ಟ ತೋಟದ ಕಣ ನೋಡಿಕೊಂಡವಳು ಅವ್ವ. ಆ ತೋಟ ಕೈಬಿಟ್ಟು ಎಷ್ಟೋ ವರ್ಷವಾಯಿತು. ಮಗಳ ಹೆಸರೂ ಹೋಯಿತು. ಆ ಸದ್ದು ಮಾತ್ರ ಕಿವಿಯೊಳಗೆ ಹಾಗೇ ಉಳಿದಿದೆಯಲ್ಲ! ಇಂಥವಳನ್ನೇ ನಾನು ಕೋಣೆಯಲ್ಲಿಟ್ಟು ಬೀಗ ಜಡಿಯಲು ಹೊರಟಿದ್ದು?

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹೊಸಬ್ಳಾ ನೀನು? ಹಂಗಲ್ಲ ಕಣೇ, ಮುಷ್ಟಿ ಸಡ್ಲ ಬುಡು. ಬಾ, ಹೇಳ್ಕೊಡ್ತೀನಿ.”

ಟೀಚರಿಗೇ ಪಾಠ! ಅಳು, ನಗು ಎರಡೂ ಒಟ್ಟಿಗೇ ಬಂದವು. ಮುಷ್ಟಿ ಸಡಿಲ ಬಿಟ್ಟು ಮತ್ತೆ ಅಲ್ಲಾಡಿಸಿದೆ.

ಈಗಲೂ ಬೆಳಗಾದರೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ, ಜೀಪು ಬರುವವರೆಗೆ. “ಹೊತ್ತಾಯ್ತು, ಕಣ್ದಲ್ಲಿ ಕಾಫಿ ಹರಡ್ಬೇಕು” ಅನ್ನುತ್ತಾಳೆ. ಅಂದರೆ ಅಷ್ಟು ದಿನವೂ ಅವಳು ಹೊರಡುತ್ತಿದ್ದದ್ದು ಕೆಲಸಕ್ಕೆ! ನಾನು ಹಿಂದೆ ಓಡಿ, ಹಿಡಿದು ತಂದು ಕೂರಿಸುತ್ತಿದ್ದೆ. (ಭಾನುವಾರ ಜೀಪಿಲ್ಲ. ಅವತ್ತು ಮಾತ್ರ ಈಗಲೂ ಓಡುತ್ತೇನೆ.)

ಬೀಗವೇ? ಅದು ಲೀನಾ ಬಾಯಿಯ ಕಾಫಿ ಸ್ಟೋರಿನ ಬಾಗಿಲಲ್ಲಿದೆ. ಒಂದು ಕೀಲಿ ಅವರ ಹತ್ತಿರ. ಇನ್ನೊಂದು ಯಾರ ಸೊಂಟದಲ್ಲಿದೆ ಅಂತ ನಾನು ಹೇಳಬೇಕೇ?