ರೊಟ್ಟಿ ಮುಟ್ಟುವ ತನಕ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅದಿರಿನ ಲಾರಿಯೊಂದು ಬಿಳಿ ನಾಯಿಯನ್ನು ಹೊಡೆದು ಹೋಗಿದೆ. ಅದರ ಪಕ್ಕದಲ್ಲಿ ಕಂದು ಬಣ್ಣದ ಇನ್ನೊಂದು ನಾಯಿ ಕೂತಿದೆ. ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಹಾದುಹೋದರೂ ಕದಲುತ್ತಿಲ್ಲ. ಹಿಂದಿನಿಂದ ಬರುವವರಿಗೆ ಕಾಣಲಿ ಎಂದು ತಿಪ್ಪಕ್ಕ ತಮ್ಮ ತಳ್ಳುಗಾಡಿಯನ್ನು ಅಡ್ಡ ನಿಲ್ಲಿಸುತ್ತಾರೆ. ಸೆರಗಿನ ಗಂಟು ಬಿಚ್ಚಿ ಜೋಳದ ರೊಟ್ಟಿಯ ಚೂರೊಂದನ್ನು ಕಂದು ನಾಯಿಯ ಮುಂದಿಡುತ್ತಾರೆ. ನಾಯಿ ಮೂಸುತ್ತದೆ, ಮುಖ ತಿರುಗಿಸುತ್ತದೆ.

"ಇನ್ನಾ ಆಗಿಲ್ರಿ" ಎಂದು ಜೊತೆಗೆ ಬಂದ ನನಗೆ ಹೇಳುತ್ತಾ ತಿಪ್ಪಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕೂರುತ್ತಾರೆ.

ಇದು ಅವರು ಕೆಲಸ ಮಾಡುವ ರೀತಿ. ಬೀದಿಗಳಲ್ಲಿ ಸತ್ತ ನಾಯಿ, ಬೆಕ್ಕು, ಹಂದಿಗಳನ್ನು ಎತ್ತುವುದು ಚಿತ್ತವಾಡ್ಗಿಯ ಈ ಗುತ್ತಿಗೆ ಕಾರ್ಮಿಕ ಮಹಿಳೆಯ ಹೊಣೆ. ಸತ್ತ ನಾಯಿಯ ಬಳಿ ಜೊತೆಯ ನಾಯಿ ಕೂತಿದ್ದರೆ ಅದರ ಮುಂದೆ ರೊಟ್ಟಿ ಇಡುತ್ತಾರೆ. ತಿಂದರೆ ಹೆಣ ಎತ್ತುತ್ತಾರೆ, ತಿನ್ನದಿದ್ದರೆ ಕಾಯುತ್ತಾರೆ. ನಾವೆಲ್ಲ ಮೂಗು ಮುಚ್ಚಿಕೊಂಡು ದಾಟಿ ಹೋಗುವ ಜಾಗದಲ್ಲಿ ಒಬ್ಬ ಹೆಂಗಸು ಸುಮ್ಮನೆ ಕೂತಿರುವುದನ್ನು ನೀವು ಕಂಡಿದ್ದರೆ, ದಯವಿಟ್ಟು ಸೋಮಾರಿ ಎಂದುಕೊಳ್ಳಬೇಡಿ.

ನಗರಸಭೆಯ ಮೇಲಿನವರು ಹಾಗೆಯೇ ಅಂದುಕೊಂಡಿದ್ದಾರೆ. ಅವರ ಭಾಷೆಯಲ್ಲಿ ಇದಕ್ಕೆ 'ಕಾಲಹರಣ' ಎಂಬ ಅಂದವಾದ ಹೆಸರಿದೆ. ಹೆಣ ಎತ್ತಿದ ಕೂಡಲೇ ಖಾಲಿ ರಸ್ತೆಯ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸಬೇಕು. ತಡವಾದರೆ ಗುತ್ತಿಗೆದಾರನಿಗೆ ಬೈಗುಳ, ಅದು ಇಳಿದು ಇಳಿದು ತಿಪ್ಪಕ್ಕನ ತಲೆಗೆ. ಇನ್ನೊಂದು ಸಲ ತಡ ಮಾಡಿದರೆ ಕೆಲಸ ಇಲ್ಲ ಎಂದು ಮೇಸ್ತ್ರಿ ಲಿಂಗರಾಜ್ ಹೋದ ವಾರವಷ್ಟೇ ಕಡ್ಡಿ ಮುರಿದಂತೆ ಹೇಳಿದ್ದಾರೆ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದು ಇದೇ ಕೆಲಸದಿಂದ. ಇವತ್ತು ಆ 'ಇನ್ನೊಂದು ಸಲ' ಬಂದೇ ಬಿಟ್ಟಿದೆ. ಸೊಂಟದಲ್ಲಿ ಫೋನು ಬಡಿದುಕೊಳ್ಳುತ್ತಿದೆ. ತಿಪ್ಪಕ್ಕ ತೆಗೆಯುತ್ತಿಲ್ಲ.

ಅವರು ಹುಟ್ಟಿದ್ದು ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ. ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ತಾಯಿ ಈ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡವಾದದ್ದು ಎಂದು ಸಾವನ್ನು ನಂಬಿಸಿ, ಮತ್ತೆ ಎತ್ತಿಕೊಂಡರಂತೆ. ಹಾಗೆ ಬಂದ ಹೆಸರು ತಿಪ್ಪಕ್ಕ. ಹೆಸರಿಗೆ ತಕ್ಕ ಕೆಲಸವೇ ಸಿಕ್ಕಿತು ಎಂದು ಆಡಿಕೊಳ್ಳುವವರಿಗೆ ಊರಲ್ಲಿ ಬರವಿಲ್ಲ.

ಹೊಸತರಲ್ಲಿ ಅವರೂ ಎಲ್ಲರಂತೆ ಜಲ್ದಿ ಎತ್ತಿ ಜಲ್ದಿ ಹಾಕುತ್ತಿದ್ದರು. ಒಂದು ಮುಂಜಾನೆ ಸತ್ತ ಮರಿಯೊಂದರ ಬಳಿ ಕೂತಿದ್ದ ತಾಯಿನಾಯಿಯನ್ನು ಹಚಾ ಎಂದು ಓಡಿಸಿ ಮರಿಯನ್ನು ಗಾಡಿಗೆ ಹಾಕಿದರು. ತಾಯಿ ಗಾಡಿಯ ಹಿಂದೆಯೇ ಬಂತು, ಕಸದ ರಾಶಿಯವರೆಗೂ.

"ಹಾಕಿ ತಿರಿಗಿ ನೋಡಿದ್ರ ಅದು ಕಸ ಕೆರಿಯಾಕ ಹತ್ತಿತ್ರಿ. ಗಾಜು, ತಗಡು ಏನೂ ನೋಡ್ಲಿಲ್ಲ. ಕಾಲೆಲ್ಲ ರಕ್ತ. ನನ್ನ ನಮ್ಮವ್ವ ತಿಪ್ಪಿ ಮ್ಯಾಲಿಂದ ಎತ್ಕೊಂಡ್ಳು. ಅದಕ್ಕ ಎತ್ಕೊಳಾಕ ಜೀವ ಇದ್ದದ್ದು ಏನೂ ಇದ್ದಿಲ್ಲ" ಎನ್ನುವಾಗ ತಿಪ್ಪಕ್ಕನ ಕಣ್ಣು ರಸ್ತೆಯ ಮೇಲೇ ಇದೆ.

ಅವತ್ತಿನಿಂದ ಸೆರಗಿನಲ್ಲಿ ರೊಟ್ಟಿ. ಹೆಣಗಳು ಹೋಗುವುದೂ ಕಸಕ್ಕಲ್ಲ, ಕಾಲುವೆ ದಂಡೆಯ ಆಚೆ ಮಣ್ಣಿಗೆ. ರೊಟ್ಟಿಯೇ ಯಾಕೆ ಎಂದು ಕೇಳುತ್ತೇನೆ.

"ಬೀದಿ ನಾಯಿರಿ, ಯಾವಾಗ್ಲೂ ಹಸದಿರ್ತಾವ. ರೊಟ್ಟಿ ಕಂಡ್ರ ಬಿಡಂಗಿಲ್ಲ. ಬಿಟ್ಟೈತಿ ಅಂದ್ರ ಒಳಗ ಏನೋ ಐತಿ. ಏನೈತಿ ಅಂತ ನನಗ ಗೊತ್ತಿಲ್ಲ. ಏನೂ ಇಲ್ಲ ಅನ್ನಾಕ ಮಾತ್ರ ಬಾಯಿ ಬರಂಗಿಲ್ಲ."

ಅಷ್ಟರಲ್ಲಿ ಲಿಂಗರಾಜ್ ಬೈಕಿನಲ್ಲಿ ಬಂದಿಳಿಯುತ್ತಾರೆ, ಈ ಮಾತು ಅವರ ಕಿವಿಗೂ ಬೀಳುತ್ತದೆ. "ದುಃಖ ಅಂತ ದುಃಖ! ಅವು ವಾಸನಿಗೆ ಕುಂದಿರ್ತಾವ್ರಿ ಸಾರ್. ಹುಟ್ಟುಗುಣ. ಅದಕ್ಕ ಮನಸು ಅಂತ ಹೆಸರಿಟ್ರ ಹೆಂಗ?" ಎಂದು ನನಗೇ ಪಾಠ ಹೇಳುತ್ತಾರೆ. ಅವರ ಕೈಯಲ್ಲಿನ ಮೊಬೈಲಿನ ಪರದೆಯ ಮೇಲೆ ಪೌಡರ್ ಹಾಕಿದಂಥ ಬಿಳಿ ನಾಯಿಯ ಚಿತ್ರವಿದೆ. ಯಾರದು ಎಂದರೆ ಮೇಸ್ತ್ರಿಯ ಮುಖ ಅರಳುತ್ತದೆ.

"ನಮ್ಮ ಸೋನು ರೀ! ನಾನು ದವಾಖಾನ್ಯಾಗ ಇದ್ದಾಗ ಬಾಯಿಗೆ ಏನೂ ಹಾಕ್ಲಿಲ್ಲ. ಬಾಗ್ಲಾಗ ಕುಂತು ನನ್ನ ದಾರಿನೇ ಕಾಯ್ತು. ಮನಶ್ಯಾರಿಗಿಂತ ಮೇಲ್ರಿ ಅದು."

"ಅದೂ ಹುಟ್ಟುಗುಣವೇ?"

"ಅದು ಸಾಕಿದ ನಾಯಿ ರೀ ಸಾರ್!"

ಮೈ ಉರಿಯುತ್ತದೆ. ಕೊರಳಿಗೆ ಪಟ್ಟಿ ಇರುವ ನಾಯಿ ಊಟ ಬಿಟ್ಟರೆ ಪ್ರೀತಿ, ಪಟ್ಟಿ ಇಲ್ಲದ್ದು ಬಿಟ್ಟರೆ ಹುಟ್ಟುಗುಣ! ಲಿಂಗರಾಜ್ ಒಬ್ಬರನ್ನೇ ಬೈದು ಏನು ಬಂತು? ಹಂಪಿಗೆ ಹೋಗಿ ಕಲ್ಲಿನ ಕುದುರೆಯ ಮುಖದಲ್ಲಿ ಭಾವ ಹುಡುಕುವ ನಮಗೆ, ದಾರಿಯಲ್ಲಿ ಉಸಿರಾಡುತ್ತಾ ಕೂತ ಪ್ರಾಣಿಯ ಮುಖ ಕಾಣುವುದಿಲ್ಲ. ನಾಯಿಗೆ ದುಃಖವಿದೆ ಎಂಬುದಕ್ಕೆ ಸಾಕ್ಷಿ ಬೇಕಂತೆ. ಹೊಡೆದು, ನಿಲ್ಲಿಸದೆ ಹೋದ ಆ ಲಾರಿಯವನಿಗೆ ಮನಸ್ಸಿದೆ ಎಂಬುದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವನು ಮನುಷ್ಯ, ಆದ್ದರಿಂದ ಇದ್ದೇ ಇರುತ್ತದೆ ಎಂದು ನಂಬಿಬಿಟ್ಟಿದ್ದೇವೆ.

ಬಿಸಿಲು ಏರುತ್ತದೆ. ಕಂದು ನಾಯಿ ಎದ್ದು ಬಿಳಿ ನಾಯಿಯ ಕಿವಿ ಮೂಸುತ್ತದೆ. ಸ್ವಲ್ಪ ದೂರ ಹೋಗಿ ಮತ್ತೆ ಬರುತ್ತದೆ. ಕೊನೆಗೆ ರೊಟ್ಟಿಯ ಚೂರನ್ನು ಬಾಯಿಗೆ ತೆಗೆದುಕೊಂಡು ನಿಧಾನವಾಗಿ ಅಗಿಯುತ್ತದೆ.

"ನೋಡ್ರಿ, ತಿಂತು! ಕಡೀಗೆ ಹೊಟ್ಟಿನೇ ದೊಡ್ಡದು" ಎಂದು ಲಿಂಗರಾಜ್ ಗೆದ್ದವರಂತೆ ನಗುತ್ತಾರೆ.

"ಮಣ್ಣು ಮಾಡಿ ಬಂದ ಮ್ಯಾಲೆ ನಾವೂ ಉಣ್ತೀವಲ್ರಿ ಸಾರ್" ಎನ್ನುತ್ತಾ ತಿಪ್ಪಕ್ಕ ಎದ್ದು, ಬಿಳಿ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯಲ್ಲಿ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸುತ್ತಾರೆ.

ಮೇಸ್ತ್ರಿಯ ನಗು ನಿಲ್ಲುತ್ತದೆ. "ನಾಳಿಂದ ಬರಾದು ಬ್ಯಾಡವ್ವ" ಎಂದವರೇ ಖಾಲಿ ರಸ್ತೆಯ ಫೋಟೊ ತೆಗೆದುಕೊಂಡು ಹೊರಟುಹೋಗುತ್ತಾರೆ.

ಪತ್ರಿಕೆಯಲ್ಲಿ ಬರೆಯುತ್ತೇನೆ, ಮೇಲಿನವರು ಓದಲಿ, ನಿಮಗೆ ಏನು ಬೇಕು ಹೇಳಿ ಎಂದು ಒತ್ತಾಯಿಸುತ್ತೇನೆ. ತಿಪ್ಪಕ್ಕ ಗಾಡಿಯ ಹಿಡಿಕೆಗೆ ಕೈ ಹಾಕಿ ಕಾಲುವೆಯ ಕಡೆ ತಿರುಗಿಸುತ್ತಾರೆ. ಕಂದು ನಾಯಿ ಹಿಂದೆಯೇ ಹೊರಡುತ್ತದೆ.

"ನನ್ನ ಬಗ್ಗಿ ಏನೂ ಬ್ಯಾಡ್ರಿ. ನಾಳಿಗೆ ನನ್ನ ಜಾಗಕ್ಕ ಯಾರು ಬರ್ತಾರೋ, ಮನಿ ಬಿಡಾವಾಗ ಒಂದು ರೊಟ್ಟಿ ಹೆಚ್ಚಿಗಿ ಕಟ್ಕೊಂಡು ಬರ್ರಿ ಅಂತ ಅವರಿಗೆ ಹೇಳ್ರಿ."